ಅತ್ತೆಯ ಹತ್ತನೆಯ ಬಳ್ಳಿ

ಎಂಬ್ರಾಯ್ಡರಿ ಯಂತ್ರಗಳ ಆ ಕಾರ್ಖಾನೆಯಲ್ಲಿ ಈಗ ಎಲ್ಲರೂ ಅಕ್ಕ ಎನ್ನುವ ಯಜಮಾನಿ, ಸೊಸೆಯಾಗಿ ಬಂದ ಹೊಸದರಲ್ಲಿ ಸೂಜಿಗೆ ದಾರ ಪೋಣಿಸಲೂ ಬಾರದವಳು. ಗೊತ್ತಿದ್ದದ್ದು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದೊಂದೇ. ಅತ್ತೆಗೋ ಅದು ಉಣ್ಣುವುದೋ ಉಡುವುದೋ ತಿಳಿಯದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಮಾತ್ರ ಆ ಮನೆಯಲ್ಲಿ ನಡೆಯಲಿಲ್ಲ. ಇಬ್ಬರ ಕಾಲವೂ ಒಂದೇ ಮೇಜಿಗೆ ಎದುರುಬದುರು ಕೂತಿತ್ತು.

ಅತ್ತೆ ಕಂಪ್ಯೂಟರಿನಲ್ಲಿ ಡಿಸೈನು ಬಿಡಿಸುತ್ತಿದ್ದರು. ಬಿಡಿಸಿದ್ದನ್ನು ತಿದ್ದದೆ ಬಿಟ್ಟವರಲ್ಲ. ಹೂವೇ ಬದಲಾದರೆ ಹೆಸರಿನ ಪಕ್ಕದ ಮೊದಲ ಅಂಕಿ ಏರುತ್ತಿತ್ತು. ಎಲೆಯೋ ಕುಡಿಯೋ ತುಸು ಬಾಗಿದರೆ ಚುಕ್ಕಿಯಾಚೆಯದು. ಹೀಗೆ ಅವರ ಮೆಚ್ಚಿನ ಬಳ್ಳಿ 1.9 ದಾಟಿ 1.10 ಆಯಿತು. ಅಷ್ಟರಲ್ಲಿ ಕಣ್ಣು ಮಂಜಾಗಿ ಕೈ ನಡುಗತೊಡಗಿತ್ತು. "ಇದೇ ಕಡೇದು, ಇನ್ನು ನನ್ನ ಕೈಲಾಗಲ್ಲ" ಎಂದು ಮೌಸ್ ಪಕ್ಕಕ್ಕಿಟ್ಟರು.

ಸೊಸೆಗೆ ಉಪಕಾರ ಮಾಡುವ ಹುರುಪು. ಪ್ರತಿ ಡಿಸೈನಿನ ಇತ್ತೀಚಿನದನ್ನಷ್ಟೇ ಉಳಿಸಿ ಹಳೆಯದನ್ನೆಲ್ಲ ಅಳಿಸುವ ಪ್ರೋಗ್ರಾಂ ಬರೆದಳು. ಬುದ್ಧಿವಂತೆ, ಆದರೆ ಅಂಕಿಗಳನ್ನು ದಶಮಾಂಶದ ಲೆಕ್ಕದಲ್ಲಿ ಹೋಲಿಸಿಬಿಟ್ಟಿದ್ದಳು. ಆ ಲೆಕ್ಕದಲ್ಲಿ 1.10 ಎಂದರೆ ಬರೀ 1.1, ಅಂದರೆ 1.9ಕ್ಕಿಂತ ಚಿಕ್ಕದು. ಅತ್ತೆಯ ಕಡೆಯ ಬಳ್ಳಿಯೇ ಹಳೆಯದೆಂದು ಅಳಿಸಿಹೋಯಿತು.

ಹೊಲಿದು ಬಂದ ಬಟ್ಟೆಯ ಮೇಲೆ ಅತ್ತೆ ಬೆರಳಾಡಿಸಿದರು. "ಇದು ಒಂಬತ್ತನೇದು. ಹತ್ತನೇದೆಲ್ಲಮ್ಮಾ?"

ಸೊಸೆ ಹುಡುಕಿ ನೋಡಿದಳು. ಆದದ್ದನ್ನು ಹೇಳಿ ತಪ್ಪೊಪ್ಪಿಕೊಂಡಳು.

"ಒಂಬತ್ತಾದ್ಮೇಲೆ ಹತ್ತು ಅಂತ ನಿನ್ನ ಕಂಪ್ಯೂಟರಿಗೆ ಯಾರೂ ಹೇಳ್ಕೊಟ್ಟಿಲ್ವಾ?"

"ವರ್ಷನ್ ಹೋಲಿಸೋಕೆ ಅಂತ್ಲೇ ಒಂದು ಫಂಕ್ಷನ್ ಇದೆ ಅತ್ತೆ. ನಾನೇ ಬಳಸಲಿಲ್ಲ."

ಆ ಸಾಲು ತಿದ್ದುವುದು ಚಿಟಿಕೆಯ ಕೆಲಸ. ಹೋದ ಬಳ್ಳಿ ಬರಬೇಕಲ್ಲ. ಹೊಲಿಯುವ ಯಂತ್ರಗಳ ಮೆಮೊರಿಯಲ್ಲಿದ್ದ ಫೈಲುಗಳ ಹೆಸರನ್ನೆಲ್ಲ ಅರೇ ಎಂಬ ಪಟ್ಟಿಯೊಂದಕ್ಕೆ ತುಂಬಿ ಹುಡುಕಿದಳು. ಪೂರ್ತಿ ಹೆಸರು ಕೊಟ್ಟರೆ ಏನೂ ಸಿಗಲಿಲ್ಲ. ಯಂತ್ರ ನಡೆಸುವ ಮೇಸ್ತ್ರಿ ತನಗೆ ತೋಚಿದ ಹೆಸರಿಡುವ ಆಸಾಮಿ ಎಂಬುದು ಆಮೇಲೆ ನೆನಪಾಯಿತು. ಒಂದೊಂದು ಹೆಸರಿನೊಳಗೂ 'ಬಳ್ಳಿ' ಎಂಬ ತುಣುಕು ಎಲ್ಲಾದರೂ ಇದೆಯೇ ಎಂದು ನೋಡಿಸಿದಳು. ಬಂದವುಗಳ ನಡುವೆ ಒಂದಿತ್ತು: 'ಅಮ್ಮೋರ ಬಳ್ಳಿ 1.10 ದಾರ ನೋಡೋಕೆ'. ದಾರದ ಬಣ್ಣ ಪರೀಕ್ಷಿಸಲು ಮೇಸ್ತ್ರಿ ತುಂಡರಿಸಿಕೊಂಡದ್ದು, ಅರ್ಧ ಬಳ್ಳಿ ಮಾತ್ರ.

ಸೊಸೆ ಅತ್ತುಬಿಟ್ಟಳು. ಅತ್ತೆ ಬೈಯಲಿಲ್ಲ, ಬೈದಿದ್ದರೆ ಅವಳ ಎದೆ ಹಗುರಾಗುತ್ತಿತ್ತೇನೋ.

"ಅಳ್ತಾ ಕೂತ್ರೆ ಎಲೆ ಚಿಗುರುತ್ತಾ? ಮೌಸ್ ಹಿಡಿ, ನಾನು ಹೇಳ್ತೀನಿ."

ಎಂಥ ಮಧ್ಯಾಹ್ನಗಳವು! ಮಂಜುಗಣ್ಣನ್ನು ಪರದೆಗೆ ತಾಗಿಸಿಕೊಂಡು ಅತ್ತೆ ಹೇಳುವುದು, ಸೊಸೆ ಬಿಡಿಸುವುದು. "ಇನ್ನೊಂಚೂರು ಬಾಗ್ಸು. ಅಷ್ಟಲ್ಲ, ಅದೇನು ಕೊಡೆ ಹಿಡಿಕೆನಾ?" ಎಂದು ರೇಗಿಸುವುದು. ಉಳಿದರ್ಧ ಮುಗಿಯುವಷ್ಟರಲ್ಲಿ ಸೊಸೆಗೆ ಕಸುಬು ಕೈಹತ್ತಿತ್ತು. ಅದನ್ನು 1.11 ಎಂದು ಕರೆದವರು ಅತ್ತೆಯೇ.

ಅತ್ತೆ ಹೋಗಿ ವರ್ಷಗಳಾದವು. ಆ ಬಳ್ಳಿಯನ್ನು ಗಿರಾಕಿಗಳು ಈಗಲೂ ಕೇಳಿ ಹೊಲಿಸುತ್ತಾರೆ. ಎರಡು ಅರ್ಧ ಕೂಡಿದ ಜಾಗ ಅವರಿಗಿರಲಿ, ಮೇಸ್ತ್ರಿಗೂ ತಿಳಿಯದು. ಅಕ್ಕನಿಗೆ ಗೊತ್ತು. ಸೂಜಿ ಅಲ್ಲಿಗೆ ಬರುವ ಹೊತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಯಂತ್ರದ ಪಕ್ಕ ಬಂದು ನಿಲ್ಲುತ್ತಾಳೆ. ಅತ್ತೆ ಬಿಡಿಸಿದ ಎಲೆ ಮುಗಿದು ತನ್ನದು ಶುರುವಾಗುವ ಮುನ್ನ, ಅತ್ತೆಯದೇ ಇನ್ನೊಂದು ಹೊಲಿಗೆ ಬೀಳಲಿ ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತದೆ.