ಅಕ್ಕ ಕರೆದ ಮೇ ತಿಂಗಳು

ಮೂವತ್ತೊಂದು ವರ್ಷ ತಿಪಟೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಮಕ್ಕಳು ಲೆಕ್ಕ ತಪ್ಪಿದರೆ ನನಗೆ ಮೂಗಿನ ತುದಿಯಲ್ಲಿ ಕೋಪ. ಅಂಥವಳು ನಿವೃತ್ತಿಯಾದ ಮೇಲೆ ಒಂದು ಲೆಕ್ಕ ಹಾಕಿಕೊಂಡೆ, ಅದನ್ನು ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತಲೂ ಇದ್ದೆ. ಮೊಣಕಾಲು ಗಟ್ಟಿ ಇರುವಾಗ ದೂರದ ದೇಶಗಳನ್ನು ನೋಡಿಬಿಡಬೇಕು, ಹತ್ತಿರದ್ದನ್ನು ಆಮೇಲೆ ನಿಧಾನವಾಗಿ ನೋಡಿದರಾಯಿತು. ಅಕ್ಕನ ತೋಟ ಎಲ್ಲಿಗೆ ಹೋಗುತ್ತದೆ? ಇನ್ನು ಇಪ್ಪತ್ತು ವರ್ಷ ಬಿಟ್ಟರೂ ಅಲ್ಲೇ ಇರುತ್ತದೆ. ಬೆಳಗಿನ ವಾಕಿಂಗಿಗೆ ಬರುವ ಗೆಳತಿಯರೆಲ್ಲ ಸರಿ ಸರಿ ಎಂದು ತಲೆಯಾಡಿಸಿದರು. ನಮ್ಮ ಯಜಮಾನರು ಮಾತ್ರ, "ನಿನ್ನ ಮೊಣಕಾಲು ನಿನ್ನ ನಾಲಿಗೆಯಷ್ಟು ಗಟ್ಟಿ ಇದ್ರೆ ಚಂದ್ರನಿಗೂ ಹೋಗ್ಬೋದು ಕಣೇ," ಎಂದು ನಕ್ಕರು.

ಅಕ್ಕ ಎಂದರೆ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನ ಜಡೆ ಹೆಣೆದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು ಅವಳೇ. ತಾನು ಮಾತ್ರ ಏಳನೇ ತರಗತಿಗೆ ನಿಂತಳು. ಅವಳನ್ನು ಕೊಟ್ಟದ್ದು ನೊಣವಿನಕೆರೆ ಕಡೆಯ ಒಂದು ಹಳ್ಳಿಗೆ, ತೆಂಗಿನ ತೋಟದ ಮನೆಗೆ. ಬೇಸಿಗೆ ರಜೆಯಲ್ಲಿ ಮೇ ತಿಂಗಳು ಹುಟ್ಟಿದ ಕೂಡಲೇ ನಾನು ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ಹದಿನೈದು ದಿನ ಅಲ್ಲೇ ಠಿಕಾಣಿ. ನಮಗೆ ಊಟಿಯೂ ಅದೇ, ಕಾಶ್ಮೀರವೂ ಅದೇ.

ಆ ಹದಿನೈದು ದಿನವೇ ಅವರ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವ ಕೆಲಸ. ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಇಡೀ ಕೊಬ್ಬರಿ ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಒಣಗಿದ ಉಂಡೆ ಕರಟಕ್ಕೆ ಬಡಿದು ಗಟಗಟ ಎಂದರೆ ಸುಲಿಯುವವರ ಕಡೆಗೆ. ಎರಡೂ ಅಲ್ಲದ ನಡುವಿನ ಸದ್ದೊಂದಿದೆ, ಅದನ್ನು ಹಿಡಿಯುವುದೇ ಕಷ್ಟ. ಅವಸರಪಟ್ಟು ಒಡೆದರೆ ಕೊಬ್ಬರಿ ಕರಟಕ್ಕೇ ಅಂಟಿಕೊಂಡು ಹೋಳಾಗುತ್ತದೆ, ಇಲ್ಲವೇ ಹಸಿ ಉಳಿದು ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಕಾಯಿ ನೋಡುವ ಈ ಕೆಲಸ ಅಕ್ಕನದು. ಅವಳ ಅತ್ತೆ ಸಾಯುವ ಮುಂಚೆ ಬೀರುವಿನ ಕೀಲಿಕೈಯನ್ನು ಮಗನಿಗೆ ಕೊಟ್ಟು, ಕಾಯಿ ನೋಡುವುದನ್ನು ಸೊಸೆಗೆ ಬಿಟ್ಟಿದ್ದರು. ಅಂಗಳದಲ್ಲಿ ಅಕ್ಕ ಮಣೆ ಹಾಕಿಕೊಂಡು ಕೂತರೆ ಅವಳ ಎಡಗಡೆ ಮತ್ತೆ ಅಟ್ಟಕ್ಕೆ ಹೋಗುವ ರಾಶಿ, ಬಲಗಡೆ ಸುಲಿಯುವ ರಾಶಿ. ಗಂಡಸರು ನೆಟ್ಟ ಹಾರೆಗೆ ಕಾಯಿ ಕುಟ್ಟಿ ಸುಲಿಯುತ್ತಿದ್ದರು, ಹೆಂಗಸರು ಮಚ್ಚಿನಿಂದ ಕರಟ ಬಿಡಿಸುತ್ತಿದ್ದರು. ಅಕ್ಕ ಬಲಗಡೆಗೆ ಹಾಕಿದ ಕಾಯಿಯ ಬಗ್ಗೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಅವಳು ಹಾಕಿದ್ದನ್ನು ಎತ್ತಿ ನಾನೂ ಅಲ್ಲಾಡಿಸಿ ನೋಡುತ್ತಿದ್ದೆ, ಮೇಷ್ಟರು ಉತ್ತರಪತ್ರಿಕೆ ತಿದ್ದಿದಂತೆ. "ನನ್ ಪೇಪರ್ರು ತಿದ್ದಕ್ಕೆ ಬಂದ್ಲು ನೋಡ್ರಿ ಟೀಚರಮ್ಮ," ಎಂದು ಅಕ್ಕ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದಳು. ಮಧ್ಯಾಹ್ನ ಮುದ್ದೆ, ಬಸ್ಸಾರು, ಆಮೇಲೆ ಹಲಸಿನ ತೊಳೆ. ಮಕ್ಕಳು ಸಿಪ್ಪೆಯ ರಾಶಿಯ ಮೇಲೆ ಹಾರುತ್ತಿದ್ದರು. ಅಷ್ಟೇ ನಮ್ಮ ರಜೆ.

ನಿವೃತ್ತಿಯಾದ ಮೊದಲ ಮೇ ತಿಂಗಳಲ್ಲಿ ಸಿಂಗಪುರಕ್ಕೆ ಹೋದೆವು. ಮರುವರ್ಷ ದುಬೈ. ಬೇರೆ ತಿಂಗಳಲ್ಲಿ ಹೋಗಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಜೊತೆಗೆ ಬಂದ ಗುಂಪಿನವರೆಲ್ಲ ಟೀಚರುಗಳು, ರಜೆಯೆಂದರೆ ಮೇ ಎಂದೇ ನಮ್ಮ ತಲೆಯಲ್ಲಿ ಕೂತಿತ್ತು. ಹೋಗಿಬಂದದ್ದು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಲಿಫ್ಟಿನಲ್ಲಿ ನೂರು ಅಂತಸ್ತು ಹತ್ತಿದೆವು, ದೋಣಿಯಲ್ಲಿ ಊಟ ಮಾಡಿದೆವು, ಫೋಟೋಗಳನ್ನು ವಾಟ್ಸಾಪಿನಲ್ಲಿ ಹಾಕಿ ಯಾರು ಯಾರು ನೋಡಿದರೆಂದು ನೋಡಿಕೊಂಡೆವು.

ಬಂದಮೇಲೆ ಅಕ್ಕನಿಗೆ ಫೋನು ಮಾಡಿ ಅಲ್ಲಿಯ ಸುದ್ದಿಯೆಲ್ಲ ಹೇಳಿದರೆ ಅವಳ ಮಾತು ಎತ್ತೆತ್ತಲೋ ಇರುತ್ತಿತ್ತು. ನಾನು ದೋಣಿಯ ಊಟದ ಬಗ್ಗೆ ಹೇಳಿದರೆ, "ಹ್ಞೂ, ನಮ್ಮಲ್ಲೂ ಒಂದು ಹದ ಮಳೆ ಆಯ್ತು," ಅನ್ನುವಳು. "ಇಡ್ತೀನಿ ಕಣೇ, ಹಸ ಅರಚ್ತಾ ಐತೆ," ಎಂದು ಇಟ್ಟೇಬಿಡುವಳು. ನನಗೆ ಉರಿದುಹೋಗುತ್ತಿತ್ತು. ತಂಗಿ ವಿಮಾನ ಹತ್ತಿದಳೆಂದು ಇವಳಿಗೆ ಹೊಟ್ಟೆಕಿಚ್ಚು ಎಂದು ಯಜಮಾನರ ಮುಂದೆ ಆಡಿಯೂ ಬಿಟ್ಟೆ. ನಮ್ಮ ಅಕ್ಕನ ಬಗ್ಗೆ ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ.

ಮೂರನೆಯ ವರ್ಷ ಯುರೋಪಿಗೆ ಹೆಸರು ಕೊಟ್ಟಿದ್ದೆವು. ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ ಅಕ್ಕ ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ನುಗ್ಗೆಕಾಯಿಯ ಕಟ್ಟು, ಒಬ್ಬಳೇ. ಫೋನು ಮಾಡಿದ್ದರೆ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದೆವಲ್ಲ ಎಂದರೆ ಸುಮ್ಮನೆ ನಕ್ಕಳು. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದಳು.

"ಈ ಸಲ ಬಾರೇ. ಹದಿನೈದು ದಿನ ಬ್ಯಾಡ, ಎಂಟು ದಿನ ಇದ್ರೂ ಸಾಕು. ಕಾಯಿ ಇಳಿಸ್ಬೇಕು."

"ಆ ತಿಂಗಳು ನಾವು ಸ್ವಿಟ್ಜರ್ಲೆಂಡಲ್ಲಿ ಇರ್ತೀವಿ ಅಕ್ಕ. ದುಡ್ಡು ಕಟ್ಟಿ ಆಗಿದೆ."

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸ್ವಿಟ್ಜರ್ಲೆಂಡ್ ಎಂಬ ಹೆಸರಿಗೆ ಬೆರಗಾಗಿದ್ದಾಳೆ ಎಂದುಕೊಂಡೆ. ಟೂರಿನವರು ಕೊಟ್ಟ ಬಣ್ಣದ ಪುಸ್ತಕ ತಂದು ಹಿಮದ ಬೆಟ್ಟದ ಚಿತ್ರ ತೋರಿಸಿದೆ.

"ಚೆನ್ನಾಗೈತೆ," ಎಂದಳು. ಪುಸ್ತಕ ಮಡಿಚಿ ನನ್ನ ಕೈಗೆ ಕೊಟ್ಟು, "ನೀನು ಬಂದಿದ್ರೆ ನನ್ ಪಕ್ಕ ಕೂತ್ಕತಿದ್ದೆ," ಎಂದಳು.

"ಕೂತ್ಕೊಂಡು ಏನ್ ಮಾಡ್ಲಿ? ನಿನ್ನ ಕೆಲಸಕ್ಕೆ ನಾನ್ಯಾಕೆ? ಮುಂದಿನ ವರ್ಷ ಬತ್ತೀನಿ, ಒಂದು ತಿಂಗಳು ಇರ್ತೀನಿ, ಸಾಕಾ?"

"ಆಗ್ಲಿ ಬುಡು. ಕಾಲು ಗಟ್ಟಿ ಇರೋವಾಗ್ಲೇ ಹೋಗ್ಬಾ." ನನ್ನ ಮಾತನ್ನು ನನಗೇ ತಿರುಗಿಸಿ ಕೊಟ್ಟಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹನ್ನೊಂದರ ಬಸ್ಸಿಗೆ ಹೊರಟುಬಿಟ್ಟಳು.

ನಾವು ಹೊರಡುವ ಹಿಂದಿನ ದಿನ ಅಕ್ಕನ ಮಗ ಬೈಕಿನಲ್ಲಿ ಬಂದು ಒಂದು ಬಟ್ಟೆಯ ಚೀಲ ಕೊಟ್ಟ. ಒಳಗೆ ಕೊಬ್ಬರಿ ಉಂಡೆ, ಬೆಲ್ಲದ ಅಚ್ಚು. "ನಿಮಗೆ ಅಂತಲೇ ನಾಕು ಕಾಯಿ ಮುಂಚೆ ಇಳಿಸಿ ಒಡೆಸೈತೆ ಅವ್ವ. ಅಲ್ಲಿಯ ಜನ ಇಂಥದ್ದು ನೋಡಿರಾಕಿಲ್ಲ, ಕೊಟ್ಟು ತಿನ್ನು ಅಂದ್ಲು, ಚಿಕ್ಕಮ್ಮ," ಎಂದ. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತುರುಕಿಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಹೆಸರು ಕೂಗಿದರು. ತೂಕಕ್ಕೆ ಕೊಟ್ಟ ಸೂಟ್‌ಕೇಸು ಮೇಜಿನ ಮೇಲೆ ಬಂದು ಕೂತಿತ್ತು. ಒಣಕೊಬ್ಬರಿಗೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ, ತೆಗೆಯಿರಿ ಎಂದಳು ಸಮವಸ್ತ್ರದ ಹುಡುಗಿ. ತಿಪಟೂರಿನಿಂದ ಬಂದವರಿಗೆ ಕೊಬ್ಬರಿಯ ಪಾಠ! ದೇವರ ಪ್ರಸಾದ ಎಂದೂ ಹೇಳಿ ನೋಡಿದೆ, ನಡೆಯಲಿಲ್ಲ. ಗುಂಪಿನವರೆಲ್ಲ ನೋಡುತ್ತಿದ್ದಾರೆ, ನನ್ನ ಮುಖ ಬಿಸಿಯಾಗುತ್ತಿದೆ. ಒಂದೊಂದೇ ಉಂಡೆ ತೆಗೆದು ಕಸದ ಡಬ್ಬಿಗೆ ಹಾಕುವಾಗ ಬೆರಳಿಗೆ ಒಂದು ಮೆತ್ತಗೆ ಸಿಕ್ಕಿತು. ನೋಡಿದರೆ ಒಂದು ಕಡೆ ಹಸಿ, ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಇನ್ನೊಂದೂ ಹಾಗೇ ಇತ್ತು. ಅಕ್ಕ ನೋಡಿ ಒಡೆಸಿದ ಕೊಬ್ಬರಿ ಹಾಗಿದ್ದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. "ಇದಕ್ಕೋಸ್ಕರ ನನ್ನ ಮರ್ಯಾದೆ ಹೋಯ್ತಲ್ರೀ. ಅಕ್ಕನಿಗೆ ವಯಸ್ಸಾಯ್ತು ಕಣ್ರೀ," ಎಂದು ಯಜಮಾನರಿಗೆ ಹೇಳಿ, ಎಸೆದದ್ದಕ್ಕೆ ಒಂದು ನೆಪ ಸಿಕ್ಕಿತೆಂದು ಹಗುರಾಗಿ ಹೋಗಿ ವಿಮಾನ ಹತ್ತಿದೆ.

ಹಿಮ ನೋಡಿದೆ. ಕೈಯಲ್ಲಿ ಹಿಡಿದೆ, ಕರಗಿತು. ಹದಿಮೂರು ದಿನದಲ್ಲಿ ಆರು ದೇಶ. ಯಾವ ಗಡಿಯಾರದ ಗೋಪುರ ಯಾವ ಊರಿನದೆಂದು ಈಗ ಫೋಟೋ ನೋಡಿದರೂ ಗೊತ್ತಾಗುವುದಿಲ್ಲ.

ವಾಪಸು ಬಂದು ವಾರದ ಮೇಲೆ ಚಾಕೊಲೇಟು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅಂಗಳ ಗುಡಿಸಿ ಖಾಲಿಯಾಗಿತ್ತು. ಅಕ್ಕ ನಡುಮನೆಯಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಕೊಬ್ಬರಿ ಹೇಗಿತ್ತು ಎಂದು ಕೇಳಿದಳು. "ಎಲ್ಲರೂ ಚಪ್ಪರಿಸಿಕೊಂಡು ತಿಂದರು," ಎಂದು ನಾನು ಗಟ್ಟಿಯಾಗಿ ಹೇಳಿದೆ. ಅವಳ ಮುಖ ಒಂದು ಗಳಿಗೆ ಅರಳಿ, ಹಾಗೇ ಇಳಿಯಿತು. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಆಗಲೇ ಗೊತ್ತಿತ್ತು.

ಹಿತ್ತಲಿಗೆ ಕರೆದುಕೊಂಡು ಹೋಗಿ ಅವಳ ಸೊಸೆ ಎಲ್ಲ ಹೇಳಿದಳು. ಆ ವರ್ಷ ಅಟ್ಟದಿಂದ ಇಳಿದ ಕಾಯಿಯಲ್ಲಿ ಅರ್ಧದಷ್ಟನ್ನು ಹಸಿಯಿರುವಾಗಲೇ ಒಡೆಸಿದ್ದಳಂತೆ ಅಕ್ಕ. ಹೋಳು, ಬೂಷ್ಟು. ಚೆನ್ನಾಗಿ ಒಣಗಿದ್ದು ಎಷ್ಟೋ ಎಡಗಡೆಯ ರಾಶಿಯಲ್ಲಿ ಬಿದ್ದಿತ್ತು. ಮೂರನೆಯ ದಿನ ಕರಟ ಬಿಡಿಸುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗ ಬಂದು, "ಒಳಗೆ ಹೋಗಿ ಕೂತ್ಕೊ ಅವ್ವ, ಸಾಕು," ಎಂದ. ಅವನು ಕೆಟ್ಟವನಲ್ಲ, ಬಿಸಿಲಿನಲ್ಲಿ ಬೇಸತ್ತು ಆಡಿದ ಮಾತು. ಆದರೆ ಆಳುಗಳ ಮುಂದೆ ಆಡಿದ. ಅಕ್ಕ ಮಣೆ ಬಿಟ್ಟು ಎದ್ದು ಒಳಗೆ ಹೋದವಳು ಮತ್ತೆ ಅಂಗಳಕ್ಕೆ ಬರಲಿಲ್ಲವಂತೆ.

ಆಮೇಲೆ ತಿಪಟೂರಿನ ಡಾಕ್ಟರಿಗೆ ತೋರಿಸಿದಾಗ, ಎಡಗಿವಿ ಹೋಗಿ ವರ್ಷಗಳಾಗಿವೆ, ಬಲಗಿವಿಯಲ್ಲೂ ಹೆಚ್ಚೇನೂ ಉಳಿದಿಲ್ಲ ಎಂದರು. ಅಕ್ಕನಿಗೆ ಅದು ಗೊತ್ತಿತ್ತು. ಎರಡು ವರ್ಷ ಕಾಯನ್ನು ದವಡೆಗೆ ಒತ್ತಿ ಹಿಡಿದು, ಒಳಗಿನ ಬಡಿತ ಮೂಳೆಗೆ ತಾಕುವುದನ್ನು ನೋಡಿಕೊಂಡು ಹೇಗೋ ನಿಭಾಯಿಸಿದ್ದಳು. ಮೂರನೆಯ ವರ್ಷಕ್ಕೆ ಅದೂ ಸಾಲದಾಯಿತು. ಪಕ್ಕದಲ್ಲಿ ಕೂತು, ಯಾರಿಗೂ ಗೊತ್ತಾಗದ ಹಾಗೆ, ತಮಾಷೆಗೆ ಎಂಬಂತೆ ಅವಳು ಹಾಕಿದ ಕಾಯನ್ನೆಲ್ಲ ಎತ್ತಿ ಅಲ್ಲಾಡಿಸಿ ನೋಡುವ ಒಂದು ಜೋಡಿ ಕಿವಿ ಅವಳಿಗೆ ಬೇಕಾಗಿತ್ತು. ಹಾಗೆ ಕೂತರೆ ಯಾರಿಗೂ ಅನುಮಾನ ಬಾರದಂಥವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು. ಅವಳು ಹಿಮ ನೋಡಲು ಹೋಗಿದ್ದಳು.

ಮರುವರ್ಷದಿಂದ ಆ ಮನೆಯಲ್ಲಿ ಅಟ್ಟಕ್ಕೆ ಕಾಯಿ ಹಾಕುವುದನ್ನೇ ನಿಲ್ಲಿಸಿದರು. ಕಾಯಿ ಕೆಡವಿದ ದಿನವೇ ವ್ಯಾಪಾರಿ ಲಾರಿ ತಂದು ತುಂಬಿಕೊಂಡು ಹೋಗುತ್ತಾನೆ. ಅಟ್ಟದ ಮೇಲೆ ಈಗ ಹಳೆಯ ಡ್ರಿಪ್ ಪೈಪಿನ ಸುರುಳಿಗಳಿವೆ.

ನಾನು ಮತ್ತೆ ವಿಮಾನ ಹತ್ತಿಲ್ಲ. ಅದು ದೊಡ್ಡಸ್ತಿಕೆಯೇನೂ ಅಲ್ಲ, ಮನಸ್ಸಾಗಲಿಲ್ಲ ಅಷ್ಟೆ. ಗುಂಪಿನವರು ಜಪಾನಿಗೆ ಕರೆದಾಗ ಮೊಣಕಾಲು ನೋವು ಎಂದೆ. ಪ್ರತಿ ಮೇ ತಿಂಗಳು ಅಕ್ಕನ ಮನೆಗೆ ಹೋಗಿ ಹದಿನೈದು ದಿನ ಇರುತ್ತೇನೆ. ಮಾಡಲು ಕೆಲಸವಿಲ್ಲ. ಮಗ ತಂದುಕೊಟ್ಟ ಕಿವಿಯ ಮಿಷನ್ನನ್ನು ಅಕ್ಕ ಡಬ್ಬಿಯಲ್ಲೇ ಇಟ್ಟಿರುತ್ತಾಳೆ. ಹಾಕಿಕೊಂಡರೆ ತಟ್ಟೆ, ಲೋಟ, ಚಪ್ಪಲಿ, ಎಲ್ಲವೂ ಗಡಗಡ ಅನ್ನುತ್ತವಂತೆ. ಜಗಲಿಯ ಮೇಲೆ ಇಬ್ಬರೂ ಕಾಲು ಚಾಚಿಕೊಂಡು ಕೂತಿರುತ್ತೇವೆ. ರಜೆಯೆಂದರೆ ಅದೂ ರಜೆಯೇ. ಆದರೆ ಕೆಲಸದ ನಡುವೆ ಕದ್ದು ಆಡಿದ ಮಾತುಗಳಿಗೆ ಇದ್ದ ರುಚಿ ಈಗಿನ ಮಾತುಗಳಿಗೆ ಇಲ್ಲ.

ಹೋದ ವರ್ಷ ಒಂದು ಸಂಜೆ ತಡೆಯಲಾರದೆ ಮಿಷನ್ ಹಾಕಿಕೊಳ್ಳುವಂತೆ ಹೇಳಿ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ.

"ಅವತ್ತು ನಮ್ಮನೆಗೆ ಬಂದಿದ್ದೆಯಲ್ಲ ಅಕ್ಕ, ಕಿವಿ ಕೇಳಿಸ್ತಿಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ಅಕ್ಕ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ಮಗ್ಗಿ ತಪ್ಪಿದರೆ ನೋಡುತ್ತಿದ್ದ ಹಾಗೆಯೇ, ಬೈಯದೆ.

"ಹೇಳ್ಬೇಕು ಅಂತ್ಲೇ ಬಂದಿದ್ದೆ ಕಣೇ. ನೀನು ಆ ಪುಸ್ತಕ ತಂದು ತೋರಿಸ್ದೆ ನೋಡು, ಎಷ್ಟು ಕುಸಿಯಾಗಿದ್ದೆ. ಹೇಳಿದ್ರೆ ಎಲ್ಲಾ ಬುಟ್ಟು ಬಂದ್ಬುಡ್ತಿದ್ದೆ ನೀನು. ನಂಗೊತ್ತಿಲ್ವಾ ನಿನ್ನ?"

ಹೌದು ಎಂದು ತಲೆಯಾಡಿಸಿದೆ. ಅವಳು ನನ್ನ ಬೆನ್ನು ತಟ್ಟಿ, ಮಿಷನ್ ತೆಗೆದು ಡಬ್ಬಿಗೆ ಹಾಕಿದಳು. ನಾನು ಬಂದೇಬಿಡುತ್ತಿದ್ದೆ ಎಂದು ಅಕ್ಕ ಇವತ್ತಿಗೂ ನಂಬಿದ್ದಾಳೆ. ಬರುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.