ಉಪವಾಸ ಇದ್ದವರು ಕುಲುಮೆ ಮುಂದೆ ನಿಲ್ಲುತ್ತಿರಲಿಲ್ಲ

ಐದು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದೆ. ಕಾರ್ಮಿಕರಿಗೆ 'ಡೈವರ್ಸಿಟಿ' ತರಬೇತಿ ಕೊಡಬೇಕೆಂದು ಹೆಡ್ ಆಫೀಸಿನಿಂದ ಆದೇಶ ಬಂತು. ಬೇರೆ ಬೇರೆ ಜಾತಿ, ಧರ್ಮದವರು ಹೊಂದಿಕೊಂಡು ದುಡಿಯುವುದನ್ನು ಕಲಿಸಬೇಕಿತ್ತು. ಕಲಿಸಲು ಹೊರಟವನು ನಾನು! ವಿದೇಶಿ ಕಂಪನಿಗಳ ಸ್ಲೈಡುಗಳನ್ನು ತೋರಿಸಿ, ಕೊನೆಗೆ ಕೇಳಿದೆ: "ನಿಮ್ಮೊಳಗ ಇಂಥಾ ಪದ್ಧತಿ ಏನರ ಐತೇನ್ರಿ?"

ಹಳೇ ಹುಬ್ಬಳ್ಳಿಯ ಮಾಬುಸಾಬ್ ಎದ್ದು ನಿಂತರು. ಇಪ್ಪತ್ತಾರು ವರ್ಷ ಕುಲುಮೆ ನೋಡಿಕೊಂಡವರು.

"ಐತ್ರಿ ಸರ, ನಮ್ಮಪ್ಪನ ಕಾಲದಿಂದ ಐತಿ. ಉಪವಾಸ ಇದ್ದಾವ ಕುಲುಮಿ ಮುಂದ ನಿಲ್ಲಂಗಿಲ್ಲ. ರಂಜಾನ್‌ದಾಗ ನನ್ನ ಪಾಳಿ ನಮ್ಮ ಜೋಡೀದಾರ ಬಸಪ್ಪ ಮಾಡ್ತಾನ, ಶ್ರಾವಣ ಸೋಮವಾರ ಅವಂದು ನಾ ಮಾಡ್ತೇನಿ. ಯಾರೂ ಹೇಳಬೇಕಾಗಿಲ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅಷ್ಟಕ್ಕೇ ಬಿಟ್ಟಿದ್ದರೆ! ಶಭಾಷ್ ಅನ್ನಿಸಿಕೊಳ್ಳುವ ಆಸೆಗೆ ಅದನ್ನು ವರದಿಯಲ್ಲಿ ಬರೆದು ಕಳಿಸಿದೆ.

ಬಂದದ್ದು ಮಾಬುಸಾಬರಿಗೆ ಚಾರ್ಜ್‌ಶೀಟ್ ಕೊಡುವ ಆದೇಶ. ಪಾಳಿ ಪುಸ್ತಕದಲ್ಲಿ ಒಬ್ಬರ ಹೆಸರು, ಕುಲುಮೆ ಮುಂದೆ ಇನ್ನೊಬ್ಬರು. ಅವರ ಲೆಕ್ಕದಲ್ಲಿ ಅದು ಸುಳ್ಳು ದಾಖಲೆ. ಬಾಯಿಬಿಟ್ಟು ಒಪ್ಪಿಕೊಂಡವರನ್ನು ಕೆಲಸದಿಂದ ತೆಗೆಯಿರಿ, ಇನ್ನೊಬ್ಬರನ್ನು ಸಾಕ್ಷಿ ಮಾಡಿ ಎಂದರು. ವಿಚಾರಣೆ ನಡೆಸಿದವನು ನಾನೇ.

"ನನ್ನ ಕೈಲೇ ಅವನ ಕುತ್ತಿಗಿ ಕೊಯ್ಸಬ್ಯಾಡ್ರಿ ಸರ," ಎಂದು ಬಸಪ್ಪ ಅತ್ತರು.

"ಸಾಕ್ಷಿ ಹೇಳಿಕೆಗೆ ಸಹಿ ಮಾಡದಿದ್ರ ನೀವೂ ಹೊರಗ," ಎಂದೆ. ಮಾಡಿದರು.

ಮಾಬುಸಾಬ್ ಜಗಳವಾಡಲಿಲ್ಲ. "ನೀವ ಕೇಳಿದ್ರಿ ಅಂತ ಹೇಳಿದ್ನಲ್ರಿ ಸರ?" ಎಂದರಷ್ಟೇ. ನಾನು ತಲೆ ಎತ್ತದೆ ಮುಂದಿನ ಪ್ರಶ್ನೆ ಓದಿದೆ. ಆ ವಾರವೇ ಅವರ ಕೆಲಸ ಹೋಯಿತು.

ಶ್ರಾವಣದ ಮೊದಲ ಸೋಮವಾರ ಬಸಪ್ಪ ಬೆಳಗಿನಿಂದ ಏನೂ ತಿನ್ನದೆ ತಾವೇ ಕುಲುಮೆ ಮುಂದೆ ನಿಂತರು. ಉಪವಾಸವೆಂದು ನನಗೆ ಗೊತ್ತಿತ್ತು. ನಿಯಮ ಅಂದರೆ ನಿಯಮ ಎಂದು ಸುಮ್ಮನಿದ್ದೆ. ಮಧ್ಯಾಹ್ನ ತಲೆ ತಿರುಗಿ ಬಿದ್ದರು. ಕರಗಿದ ಕಬ್ಬಿಣ ಬಲಗೈ ಮೇಲೆ ಚೆಲ್ಲಿತು.

ಆಸ್ಪತ್ರೆಗೆ ಹೋದಾಗ ಅವರ ಬಾಯಿಗೆ ಗಂಜಿ ಹಾಕುತ್ತಿದ್ದವರು ಮಾಬುಸಾಬ್. ನನ್ನ ಕಡೆ ತಿರುಗಿಯೂ ನೋಡದೆ, "ಸಾಹೇಬ್ರ, ಇದನ್ನೂ ಬರಕೊಂಡ ಹೋಗ್ರಿ," ಎಂದರು.

ಮರುವರ್ಷ ಹೆಡ್ ಆಫೀಸು ಅದೇ ಪದ್ಧತಿಗೆ ಇಂಗ್ಲಿಷ್ ಹೆಸರಿಟ್ಟು ಎಲ್ಲ ಘಟಕಗಳಲ್ಲೂ ಜಾರಿಗೆ ತಂದಿತು. ಅದಕ್ಕಾಗಿ ನನಗೊಂದು ಪ್ರಶಸ್ತಿ ಪತ್ರವೂ ಬಂತು. ಮಾಬುಸಾಬರನ್ನು ಯಾರೂ ವಾಪಸು ಕರೆಯಲಿಲ್ಲ.

ದುಡಿಯುವವರ ಬಾಯಿ ಬಿಡಿಸುವ ಮೊದಲು, ಹೇಳಿದ ಮೇಲೆ ಅವರನ್ನು ಕಾಪಾಡುವ ಗುಂಡಿಗೆ ನಮಗಿದೆಯೇ ಎಂದು ಕೇಳಿಕೊಳ್ಳಬೇಕು. ನನಗಿರಲಿಲ್ಲ.