ರೈಲೇರಿ ಬಂದ ಲಾರಿ

ನಮ್ಮ ಸೀಮೆಯಲ್ಲಿ ಖಾಲಿ ಗಾಡಿ ಕಂಡರೆ ಯಾರಿಗೂ ಸಹನೆಯಾಗುವುದಿಲ್ಲ. ಎತ್ತಿನ ಗಾಡಿಯೊಂದು ಏನನ್ನೂ ಹೇರಿಕೊಳ್ಳದೆ ಹೊರಟಿತೆಂದರೆ, ಅದಕ್ಕೆ ಏನೇನೂ ಸಂಬಂಧವಿಲ್ಲದೆ ಕಟ್ಟೆಯ ಮೇಲೆ ಕವಳ ಹಾಕುತ್ತ ಕುಳಿತವನಿಗೂ ತನ್ನದೇ ಗಂಟು ಸೋರಿಹೋದಂತೆ ಸಂಕಟ. ಎಲ್ಲಿಗೆ ಎಂದು ಕೇಳಿ, ಆ ದಿಕ್ಕಿಗೆ ಹೋಗಬೇಕಾದ ಬಾಳೆಗೊನೆಯನ್ನೋ, ತಂಗಿಯ ಮನೆಗೆ ಮುಟ್ಟಿಸಬೇಕಾದ ಒರಳುಕಲ್ಲನ್ನೋ ಹೇರಿಯೇ ಕಳಿಸುತ್ತಾನೆ. ಅಡಿಕೆ ಹೇರಿಕೊಂಡು ಘಟ್ಟ ಇಳಿದ ಗಾಡಿ ಉಪ್ಪನ್ನೋ ತೆಂಗಿನಕಾಯಿಯನ್ನೋ ಹೊತ್ತೇ ಮೇಲೆ ಹತ್ತಬೇಕು ಎಂಬುದು ನಮ್ಮ ಹಿರಿಯರು ಎಲ್ಲಿಯೂ ಬರೆದಿಡದ ಸ್ಮೃತಿ. ಬರಿಗಾಡಿ ಹೊಡೆದುಕೊಂಡು ಬಂದವನಿಗೆ ಮನೆಯಲ್ಲಿ ಬಿಸಿನೀರು ಕೂಡ ತಡವಾಗಿ ಸಿಗುತ್ತದೆ. ಆ ಸ್ಮೃತಿಗೆ ಭಾಷ್ಯ ಬರೆದವರಲ್ಲಿ ನಾನೂ ಒಬ್ಬ; ಬರೆದದ್ದು ಮಾತ್ರ ಇನ್ನೊಬ್ಬರ ಲಾರಿಯ ಮೇಲೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ಯಲ್ಲಾಪುರದ ಪೇಟೆಗೆ ನಾನು ಬಂದದ್ದು ತಲೆಯ ಮೇಲೆ ಜೇನುತುಪ್ಪದ ಡಬ್ಬ ಹೊತ್ತು. ಈಗ ಅದೇ ಪೇಟೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿದೆ. ನಡುವೆ ನಡೆದದ್ದೆಲ್ಲ ಚೌಕಾಸಿ. ಬೆಲೆ ಹೇಳುವವನ ಮುಖ ನೋಡಬಾರದು, ಕಾಲು ನೋಡಬೇಕು. ಬಾಯಿ ‘ಇದೇ ಕಡೆಯ ಮಾತು’ ಎನ್ನುತ್ತಿರುವಾಗ ಹೆಬ್ಬೆರಳು ನೆಲ ಕೆರೆಯುತ್ತಿದ್ದರೆ ಆಸಾಮಿ ಇನ್ನೂ ಇಳಿಯುತ್ತಾನೆ ಎಂದೇ ಲೆಕ್ಕ. ಇಂಥ ಶಾಸ್ತ್ರವನ್ನು ನಾನು ಕೇಳಿದವರಿಗೂ ಕೇಳದವರಿಗೂ ಧರ್ಮಾರ್ಥ ಬೋಧಿಸುತ್ತ ಬಂದಿದ್ದೇನೆ. ನೀವೂ ಬೇಕಾದರೆ ಇಟ್ಟುಕೊಳ್ಳಿ. ಆದರೆ ಚನ್ನಬಸಪ್ಪನವರ ಕಥೆ ಕೇಳಿದ ಮೇಲೆ ಇಟ್ಟುಕೊಳ್ಳಿ.

ಚನ್ನಬಸಪ್ಪನವರು ಬನವಾಸಿ ಕಡೆಯವರು, ಶಿರಸಿಯಲ್ಲಿ ಒಂದು ಸಣ್ಣ ಅಕ್ಕಿ ಗಿರಣಿ ಇಟ್ಟುಕೊಂಡಿದ್ದರು. ಅಣ್ಣತಮ್ಮಂದಿರು ಹಿಸೆಯಾದ ಮೇಲೆ ಅವರ ಪಾಲಿಗೆ ಬಂದದ್ದು ಆ ಗಿರಣಿ ಮತ್ತು ಒಂಬತ್ತು ಊಟದ ಎಲೆ. ಮಳೆಗಾಲದಲ್ಲಿ ಗಿರಣಿ ನಿಂತರೆ ಎಲೆಗಳು ನಿಲ್ಲುತ್ತವೆಯೆ? ಹಾಗಾಗಿ, ನಮ್ಮ ಜಿಲ್ಲೆ ಮುಂಬಯಿ ಸರಕಾರದ ಕೈಬಿಟ್ಟು ಮೈಸೂರಿನ ಕೈಗೆ ಬಂದ ಹೊಸತರಲ್ಲಿ, ಎರಡು ವರ್ಷ ಅರ್ಜಿ ಹಾಕಿ ಹಾಕಿ ಲಾರಿಯೊಂದಕ್ಕೆ ಪರ್ಮಿಟ್ ಪಡೆದಿದ್ದರು. ಸಿದ್ದಾಪುರ, ಕೋಲಸಿರ್ಸಿ, ಮನ್ಮನೆಗಳ ಸರಕನ್ನೆಲ್ಲ ಬಾಡಿಗೆಗೆ ಹುಬ್ಬಳ್ಳಿಗೆ ಸಾಗಿಸಬಹುದಾದ ಪರ್ಮಿಟ್ ಅದು. ಷರತ್ತು ಒಂದೇ: ಗೊತ್ತುಮಾಡಿದ ದಿನದೊಳಗೆ ಲಾರಿಯನ್ನು ಕಾರವಾರಕ್ಕೆ ತಂದು ಸಾಹೇಬರಿಗೆ ತೋರಿಸಬೇಕು, ತಪ್ಪಿದರೆ ಪರ್ಮಿಟ್ ಮುಂದಿನ ಅರ್ಜಿದಾರನಿಗೆ.

ಹೊಸ ಲಾರಿ ಕೈಗೆಟುಕುವಂತಿರಲಿಲ್ಲ. ಕಲಕತ್ತೆಯಲ್ಲಿ ಮಿಲಿಟರಿಯ ಹಳೆಯ ಲಾರಿಗಳು ಹರಾಜಾಗುತ್ತವೆಂದು ಪತ್ತೆ ಹಚ್ಚಿದವನು ನಾನು. ಹರಾಜಿಗೆ ನಾನಿಲ್ಲದೆ ಹೋಗುವುದು ಪುರೋಹಿತರಿಲ್ಲದೆ ಮದುವೆಗೆ ಕೂತಂತೆ ಎಂದು ನಂಬಿಸಿ ಜೊತೆಗೆ ಹೊರಟವನೂ ನಾನೇ. ಲಾರಿ ಸಿಕ್ಕಿತು, ಚೆನ್ನಾಗಿಯೇ ಸಿಕ್ಕಿತು. ಅದನ್ನು ಅಲ್ಲಿಂದ ಓಡಿಸಿಕೊಂಡು ಬರುವುದು ಮೂರ್ಖತನ. ಸೇತುವೆಯಿಲ್ಲದ ಹೊಳೆಗಳನ್ನೆಲ್ಲ ದಾಟಿ ಊರು ಮುಟ್ಟುವಾಗ ಟಯರು ದಾರವಾಗಿರುತ್ತದೆ. ಆದ್ದರಿಂದ ಗೋಡೆ, ಮಾಡು ಇಲ್ಲದ ರೈಲಿನ ಬಯಲು ವ್ಯಾಗನ್ ಒಂದನ್ನು ಗೊತ್ತುಮಾಡಿ, ಕಾಗದದಲ್ಲಿ ‘ಖಾಲಿ ಲಾರಿ ಒಂದು’ ಎಂದು ಬರೆಸಿ, ಅದರ ಮೇಲೆ ಏರಿಸಿದೆವು. ಏರಿಸಿದ ಮೇಸ್ತ್ರಿ ಟಯರುಗಳ ಗಾಳಿ ಇಳಿಸಿದ. ಮುಂದೆ ದೊಡ್ಡ ಹಳಿ ಮುಗಿದು ಸಣ್ಣ ಹಳಿ ಶುರುವಾಗುವ ಜಂಕ್ಷನ್ನಿನಲ್ಲಿ ಎತ್ತರ ಅಳೆಯುತ್ತಾರೆ, ಹೀಗೆ ಇಳಿಸಿದರೆ ಬೆರಳಷ್ಟು ಸಂದಿಯಲ್ಲಿ ಪಾರಾಗುತ್ತದೆ ಎಂದ. ಅವನ ಹಿಂದೂಸ್ತಾನಿ ನನಗೆ ಅರ್ಥವಾಯಿತು. ಅರ್ಥವಾದದ್ದೆಲ್ಲ ಮನಸ್ಸಿಗೆ ಇಳಿಯಬೇಕೆಂಬ ನಿಯಮವೇನೂ ಇಲ್ಲವಲ್ಲ.

ಏಕೆಂದರೆ ನನ್ನ ಕಣ್ಣು ಬೇರೆಡೆ ನೆಟ್ಟಿತ್ತು. ಅಷ್ಟು ದೊಡ್ಡ ಲಾರಿ, ಅದನ್ನು ಹೊತ್ತ ಅದಕ್ಕಿಂತ ದೊಡ್ಡ ವ್ಯಾಗನ್, ಅರ್ಧ ಭರತಖಂಡದ ಪ್ರಯಾಣ, ಒಳಗೆ ಬರೀ ಗಾಳಿ! ಕಲಕತ್ತೆಯೋ ಗೋಣಿಚೀಲಗಳ ತವರು. ನಮ್ಮ ಕಡೆಯ ಅಡಿಕೆ ವ್ಯಾಪಾರಕ್ಕೆ ಗೋಣಿಯೆಂದರೆ ಉಸಿರು. ಮರುದಿನವೇ ನನ್ನ ದುಡ್ಡಿನಲ್ಲಿ ಗೋಣಿಯ ಬೇಲುಗಳನ್ನು ತಂದು, ಲಾರಿಯ ತಲೆಗಿಂತ ಒಂದು ಮೊಳ ಎತ್ತರಕ್ಕೆ ಹೇರಿಸಿ, ಮೇಲೆ ತಾಡಪತ್ರಿ ಬಿಗಿಸಿದೆ. ಚನ್ನಬಸಪ್ಪನವರು ಒಂದೇ ಸಲ ಬಾಯಿಬಿಟ್ಟರು: “ಹೆಗಡೇರ, ಕಾಗದದಾಗ ಖಾಲಿ ಅಂತ ಬರಸೇವಿ. ಹಂಗ ಹೋಗ್ಲಿ ಬಿಡ್ರಿ.” ನಾನು ನಕ್ಕು, ಖಾಲಿ ಗಾಡಿ ಹೊಡೆದವನ ವಂಶ ಉದ್ಧಾರವಾದದ್ದನ್ನು ಎಲ್ಲಿ ಕಂಡಿದ್ದೀರಿ ಎಂದೆ. ಅವರು ಒಂಬತ್ತು ಎಲೆಯ ಸಂಸಾರಸ್ಥರು, ತಾಡಪತ್ರಿಯ ಹಗ್ಗಕ್ಕೆ ತಾವೂ ಕೈ ಕೊಟ್ಟರು.

ನಾವು ಹುಬ್ಬಳ್ಳಿಗೆ ಬಂದು ಕಾದದ್ದೇ ಕಾದದ್ದು, ಲಾರಿ ಇಲ್ಲ. ಕೊನೆಗೆ ಅದು ಜಂಕ್ಷನ್ನಿನಲ್ಲಿ ತಡೆದಿದೆ ಎಂದು ತಂತಿ ಬಂತು. ಓಡಿಹೋಗಿ ನೋಡಿದರೆ, ಸಣ್ಣ ಹಳಿಯ ಮೇಲೆ ಕಬ್ಬಿಣದ ಕಮಾನೊಂದು ತೂಗುತ್ತಿತ್ತು. ಅದರಡಿ ನುಸುಳದ ಹೊರೆ ಮುಂದೆ ಹೋಗುವಂತಿಲ್ಲ. ನನ್ನ ಬೇಲುಗಳು ಕಮಾನಿಗಿಂತ ಒಂದು ಮೊಳದಷ್ಟು ಹೆಚ್ಚು ಪ್ರತಿಭಾವಂತವಾಗಿದ್ದವು. ಕಾರವಾರದ ಗಡುವಿಗೆ ಉಳಿದದ್ದು ಆರು ದಿನ.

ಗೂಡ್ಸ್ ಗುಮಾಸ್ತ ಸಭ್ಯ ಮನುಷ್ಯ. ಖಾಲಿ ಎಂದು ಬರೆಸಿ ಸರಕು ಹೇರಿದ್ದಕ್ಕೆ ದಂಡ ಕಟ್ಟಿರಿ, ಬೇಲು ಇಳಿಸಿರಿ, ಬರೀ ಲಾರಿಯನ್ನು ಮಧ್ಯಾಹ್ನದ ಗೂಡ್ಸಿಗೆ ಏರಿಸುತ್ತೇನೆ; ಸಣ್ಣ ಹಳಿಯ ಬಯಲು ವ್ಯಾಗನ್ ಒಂದೇ ಇದೆ, ತಪ್ಪಿದರೆ ಎರಡು ವಾರ ಎಂದ. ಚನ್ನಬಸಪ್ಪನವರು ಆಗಲೇ ಸೊಂಟದ ಚೀಲ ಬಿಚ್ಚಿದ್ದರು. ನಾನು ಅವರ ಮುಂಗೈ ಹಿಡಿದೆ.

ಮೊದಲು ಹೇಳಿದ್ದನ್ನೇ ಕೊಟ್ಟುಬಿಟ್ಟರೆ ನಾನು ಇಷ್ಟು ವರ್ಷ ಬದುಕಿದ್ದಕ್ಕೆ ಅರ್ಥವೇನು? ಕುರ್ಚಿ ಎಳೆದು ಕೂತೆ. ಗುಮಾಸ್ತನ ಕಾಲು ಮೇಜಿನಡಿ ಇದ್ದು ನನ್ನ ಶಾಸ್ತ್ರಕ್ಕೆ ನಿಲುಕದಿದ್ದರೂ ಧೈರ್ಯಗೆಡಲಿಲ್ಲ. ಗೋಣಿಚೀಲ ಖಾಲಿಯೇ ಇರುವಾಗ ಲಾರಿಯೂ ಖಾಲಿಯೇ ಅಲ್ಲವೆ ಎಂದು ತರ್ಕ ಹೂಡಿದೆ, ಅವನ ಊರು ಕೇಳಿದೆ, ನಮ್ಮ ಜೇನಿನ ಗುಣ ವರ್ಣಿಸಿದೆ. ಹೊರಗೆ ವ್ಯಾಗನ್ ಕಾಯಲು ಹೋಗಿದ್ದ ಚನ್ನಬಸಪ್ಪನವರು ಎರಡು ಸಲ ಬಾಗಿಲಿಗೆ ಬಂದು ಕರೆದರು; ಎರಡು ಸಲವೂ ಎಡಗೈ ಬೀಸಿ ಕಳಿಸಿದೆ. ಅಂತೂ ದಂಡ ಅರ್ಧಕ್ಕೆ ಇಳಿಯಿತು. ರಸೀದಿ ಎತ್ತಿ ಹಿಡಿದು, ದಿಗ್ವಿಜಯ ಮುಗಿಸಿದ ಅರಸನಂತೆ ಹೊರಗೆ ಬಂದೆ.

ಗೂಡ್ಸ್ ಹೊರಟಿತ್ತು. ಆ ಒಂದೇ ವ್ಯಾಗನ್ನಿನ ಮೇಲೆ ಇನ್ನಾರದೋ ಕಬ್ಬಿನ ಗಾಣದ ಯಂತ್ರ ಕುಳಿತು ಹೋಗುತ್ತಿತ್ತು.

ಚನ್ನಬಸಪ್ಪನವರು ಅದು ಕಣ್ಮರೆಯಾಗುವವರೆಗೆ ನೋಡಿ, “ಎಷ್ಟು ಇಳಿಸಿದ್ರಿ?” ಎಂದು ಕೇಳಿದರು.

ಅರ್ಧ, ಎಂದೆ.

“ಛಲೋ ಆತು,” ಎಂದು ಅಲ್ಲೇ ಕಲ್ಲಿನ ಮೇಲೆ ಕೂತರು.

ಲಾರಿ ಊರು ಮುಟ್ಟುವಾಗ ಪರ್ಮಿಟ್ ಕಿರವತ್ತಿಯ ಮರದ ನಾಟಾ ಕಂತ್ರಾಟುದಾರನೊಬ್ಬನ ಕೈಸೇರಿತ್ತು. ಗೋಣಿಯಲ್ಲಿ ನನಗೆ ಲಾಭವಾಯಿತೆಂದು ಹೇಳಲು ನಾಲಗೆ ಏಳುವುದಿಲ್ಲ, ಆಯಿತು. ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಹೆಂಡತಿ, “ಬರೀ ಲಾರಿ ತಂದಿದ್ರೆ ನಿಂಗಕ್ಕೆ ಎಂತ ಆಗ್ತಿತ್ತು?” ಎಂದಳು. ನಾಲ್ಕು ತಾಲೂಕಿಗೆ ಸಲಹೆ ಕೊಡುವ ನಾನು ಗೋಣಿಯ ಲೆಕ್ಕದ ಪುಸ್ತಕ ತೆರೆದು ಕೂತೆ. ಆ ಲಾರಿ ಕಲಕತ್ತೆಯಿಂದ ಖಾಲಿ ಹೊರಟಿದ್ದರೂ ಖಾಲಿಯಾಗಿರುತ್ತಿರಲಿಲ್ಲ. ಒಂಬತ್ತು ಎಲೆಗಳ ಮಳೆಗಾಲ ಅದರಲ್ಲಿ ಕುಳಿತಿತ್ತು. ಅದರ ಮೇಲೆ ನಾನು ಗೋಣಿ ಹೇರಿದೆ.

ಚನ್ನಬಸಪ್ಪನವರಿಗೆ ಕೊನೆಗೆ ಸಿಕ್ಕಿದ್ದು ಸ್ವಂತ ಸರಕು ಮಾತ್ರ ಸಾಗಿಸುವ ಪರ್ಮಿಟ್. ಗಿರಣಿಯ ಅಕ್ಕಿ ತುಂಬಿಕೊಂಡು ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿಂದ ತರಲು ಅವರ ಸ್ವಂತದ್ದೆಂಬುದೇನೂ ಇಲ್ಲ. ಹೀಗಾಗಿ ವಾರಕ್ಕೊಮ್ಮೆ ಆ ದೊಡ್ಡ ಲಾರಿ, ಕಾಯಿದೆಯ ಪ್ರಕಾರವೇ ಖಾಲಿಯಾಗಿ, ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ.

ಒಮ್ಮೆ ತಡೆಯಲಾರದೆ, ಶಿರಸಿಯ ಬೀಗರಿಗೆ ಮುಟ್ಟಿಸಬೇಕಾದ ಎರಡು ಚೀಲ ಈರುಳ್ಳಿಯನ್ನು ರಸ್ತೆಯಂಚಿಗೆ ತಂದಿಟ್ಟು ಕೈ ಅಡ್ಡ ಹಿಡಿದೆ. ಚನ್ನಬಸಪ್ಪನವರು ನಿಲ್ಲಿಸಿದರು, ಇಳಿದರು, ಚಹ ಕುಡಿದರು, ಮನೆಮಂದಿಯನ್ನೆಲ್ಲ ವಿಚಾರಿಸಿದರು. ನಾನು ಚೀಲಗಳ ಕಡೆ ಕಣ್ಣು ಹಾಯಿಸಿ, ಎಷ್ಟು ಜಾಗ ಹಿಡಿದೀತು ಎಂದೆ.

“ಜಾಗಾ ರಗಡ ಐತ್ರಿ,” ಎಂದರು. “ಖಾಲಿ ಬರಬೇಕು ಅಂತ ಹುಕುಂ ಐತಿ. ಆ ಹುಕುಂ ಕೊಡಿಸಿದವ್ರು ನೀವ ಅಲ್ಲೇನ್ರಿ?”

ಸಿಟ್ಟಿನಿಂದ ಅಂದದ್ದಲ್ಲ; ಚಹದ ಲೋಟವನ್ನು ತೊಳೆದಿಟ್ಟೇ ಹೋದರು. ಖಾಲಿ ಲಾರಿ ಎಷ್ಟೊಂದು ಸದ್ದು ಮಾಡುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಅದು ತಿರುವಿನಾಚೆ ಅಡಗುವವರೆಗೆ ನಿಂತಿದ್ದು, ಈರುಳ್ಳಿಯನ್ನು ಒಂದೊಂದೇ ಚೀಲವಾಗಿ ಒಳಗೆ ಎಳೆದುಕೊಂಡೆ.